ಕಲ್ಲು ಗೋಡೆಗಳ ಸಂಧಿ: ಸ್ನಾನಗೃಹದ ಗೋಡೆಗೆ ಭಾರವಾದ ಕಲ್ಲು ಕೂಡಿಸುವ ಬಗೆ

ಪೀಠಿಕೆ



ವ್ಯಾಕರಣ ಬೋಧಿಸುವವನು ಗಾರೆಯ ಕೆಲಸವನ್ನು ಕುರಿತು ಬರೆಯಲು ಹೊರಟಿರುವುದನ್ನು ಕಂಡು ನಿಮಗೆ ಆಶ್ಚರ್ಯವಾದೀತು. ಆದುದರಿಂದ ಅದರ ಕಾರಣವನ್ನು ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಬಚ್ಚಲುಮನೆಯ ಗೋಡೆಗಳಿಗೆ ಕರಿಯ ಗ್ರಾನೈಟ್ ಕಲ್ಲುಗಳನ್ನು ಹಚ್ಚಿಸಿದೆವು. ಒಂದೊಂದು ಬಿಲ್ಲೆಯೂ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 20 ಮಿ.ಮೀ. ದಪ್ಪವಾಗಿದ್ದಿತು. ಕೆಲಸ ಮುಗಿದ ದಿನ ಕನ್ನಡಿಯಂತೆ ಹೊಳೆಯುತ್ತಿದ್ದ ಗೋಡೆಯನ್ನು ನೋಡಿ ಬಂದವರೆಲ್ಲ ಹೊಗಳಿದರು. ನಾವೂ ಹಿಗ್ಗಿದೆವು. ಎರಡನೆಯ ಮಳೆಗಾಲ ಕಳೆದು ಚಳಿ ಬಿದ್ದ ಒಂದು ಮುಂಜಾನೆ ನನ್ನ ಸೊಸೆ ನಾಲ್ಕು ವರ್ಷದ ಮಗುವಿಗೆ ನೀರೆರೆದು, ಮೈಯೊರಸಿ, ಹೊರಗೆ ತಂದು ನಿಲ್ಲಿಸಿದ್ದಳು. ಅಷ್ಟರಲ್ಲಿ ಒಳಗೆ ಸಿಡಿಲು ಬಡಿದಂತಹ ಸದ್ದಾಯಿತು. ಹೋಗಿ ನೋಡಿದರೆ ಗೋಡೆಯ ಮೇಲಿನ ಸಾಲಿನ ಕಲ್ಲೊಂದು ಕೆಳಗೆ ಬಿದ್ದಿದ್ದಿತು. ಕ್ಷಣಕಾಲದ ಹಿಂದೆ ಮಗು ಕುಳಿತಿದ್ದ ಮರದ ಮಣೆ ಎರಡು ಹೋಳಾಗಿದ್ದಿತು.

ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಸಂಜೆ ಪರಿಚಿತರಾದ ವೃದ್ಧ ಗೌಂಡಿಯೊಬ್ಬರನ್ನು ಕರೆಸಿದೆ. ಅವರು ಬಿದ್ದ ಕಲ್ಲಿನ ಚೂರುಗಳನ್ನು ಬೋರಲು ಹಾಕಿ ಜೋಡಿಸಿ, ಬೆರಳಿನಿಂದ ಒಮ್ಮೆ ಸವರಿ ನೋಡಿದರು. ಬೆನ್ನಿನ ಮೇಲೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಕಡೆ ಸಿಮೆಂಟಿನ ಮುದ್ದೆ ತಗುಲಿದ್ದ ಗುರುತಿದ್ದಿತು. ಉಳಿದ ಭಾಗವೆಲ್ಲ ಗಾರೆಯ ಸೋಂಕಿಲ್ಲದೆ ಬರಿದಾಗಿದ್ದಿತು. ಸವರಿದ ಬೆರಳಿಗೆ ಬಿಳಿಯ ಹುಡಿ ಮೆತ್ತಿಕೊಂಡಿತು. ಅವರು ನನ್ನತ್ತ ತಿರುಗಿ, “ಈ ಕಲ್ಲು ಬಿದ್ದದ್ದಲ್ಲ ಮಾಸ್ತರ್ರ, ಇದನ್ನ ಯಾರೂ ಹಚ್ಚೇ ಇರಲಿಲ್ಲ” ಎಂದರು.

ಆ ಒಂದು ಮಾತಿನ ಅರ್ಥವನ್ನು ಬಿಡಿಸಿ ಹೇಳುವುದೇ ಈ ಪಾಠದ ಉದ್ದೇಶ.

ಭಾರದ ಲೆಕ್ಕ

ಗ್ರಾನೈಟ್ ಮತ್ತು ಅಮೃತಶಿಲೆಗಳ ಸಾಂದ್ರತೆ ಘನ ಮೀಟರಿಗೆ ಸುಮಾರು 2,700 ಕಿಲೋಗ್ರಾಂ. ಆದ್ದರಿಂದ 10 ಮಿ.ಮೀ. ದಪ್ಪದ ಕಲ್ಲು ಒಂದು ಚದರ ಮೀಟರಿಗೆ 27 ಕಿ.ಗ್ರಾಂ. ತೂಗುತ್ತದೆ, 20 ಮಿ.ಮೀ. ದಪ್ಪದ್ದು 54 ಕಿ.ಗ್ರಾಂ. ತೂಗುತ್ತದೆ. ನಮ್ಮ ಬಚ್ಚಲಿನ ಒಂದು ಬಿಲ್ಲೆಯ ತೂಕ ಸುಮಾರು 19 ಕಿ.ಗ್ರಾಂ. ಆಯಿತು. ತಲೆಯೆತ್ತರದಿಂದ ಅದು ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಐಹೊಳೆ ಪಟ್ಟದಕಲ್ಲುಗಳ ದೇಗುಲಗಳಲ್ಲಿ ಇದಕ್ಕಿಂತ ನೂರಾರು ಪಟ್ಟು ಭಾರದ ಕಲ್ಲುಗಳು ಗಾರೆಯ ನೆರವಿಲ್ಲದೆ ಶತಮಾನಗಳಿಂದ ನಿಂತಿವೆಯಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಕಲ್ಲಿನ ಮೇಲೆ ಕಲ್ಲು ಕುಳಿತಿದೆ. ಅದರ ಭಾರವೇ ಅದಕ್ಕೆ ಬಂಧನವಾಗಿದೆ. ಸ್ನಾನಗೃಹದ ಗೋಡೆಯ ಕಲ್ಲಾದರೋ ಕುಳಿತಿಲ್ಲ, ಜೋತುಬಿದ್ದಿದೆ. ಅಲ್ಲಿ ಮಿತ್ರನಾಗಿದ್ದ ಭಾರ ಇಲ್ಲಿ ಶತ್ರುವಾಗುತ್ತದೆ.

ಹಾಗಾದರೆ ಅಂಟಿನ ಬಲ ಸಾಲದೆ ಕಲ್ಲು ಬಿದ್ದಿತೇ? ಇದನ್ನೂ ಲೆಕ್ಕ ಮಾಡಿ ನೋಡೋಣ. ಸಿಮೆಂಟು, ನುಣ್ಣನೆಯ ಮರಳು, ಪಾಲಿಮರ್ ಪುಡಿ ಇವುಗಳನ್ನು ಬೆರೆಸಿ ಚೀಲದಲ್ಲಿ ಮಾರುವ ಅಂಟಿಗೆ ಪೇಟೆಯಲ್ಲಿ ‘ಟೈಲ್ ಅಡ್ಹೆಸಿವ್’ ಎಂಬ ಹೆಸರು ರೂಢಿಯಾಗಿದೆ. ನಾವು ಇದನ್ನು ಅಂಟುಗಾರೆ ಎನ್ನೋಣ. ಯುರೋಪಿನ ಇ.ಎನ್. 12004 ಎಂಬ ಮಾನಕದಂತೆ ಸಾಮಾನ್ಯ ದರ್ಜೆಯ ಅಂಟುಗಾರೆಯು ಪ್ರತಿ ಚದರ ಮಿಲಿಮೀಟರಿಗೆ 0.5 ನ್ಯೂಟನ್, ಮೇಲ್ದರ್ಜೆಯದು 1 ನ್ಯೂಟನ್ ಎಳೆತವನ್ನು ತಾಳಬೇಕು. ನಮ್ಮ ಬಿಲ್ಲೆಯ ಬೆನ್ನಿನ ವಿಸ್ತೀರ್ಣ 3,60,000 ಚದರ ಮಿಲಿಮೀಟರ್. ಅದರ ತುಂಬ ಸಾಮಾನ್ಯ ದರ್ಜೆಯ ಅಂಟು ಸರಿಯಾಗಿ ಹಿಡಿದಿದ್ದರೆ ಅದನ್ನು ಕೀಳಲು 1,80,000 ನ್ಯೂಟನ್, ಎಂದರೆ ಸುಮಾರು 18 ಟನ್ ತೂಕದಷ್ಟು ಬಲ ಬೇಕು. ಕಲ್ಲಿನ ತೂಕವೋ ಬರಿಯ 19 ಕಿ.ಗ್ರಾಂ. ಅಂಟಿನ ಬಲವು ಭಾರಕ್ಕಿಂತ ಒಂಬೈನೂರು ಪಟ್ಟಿಗೂ ಮಿಗಿಲು!

ಪ್ರಯೋಗಶಾಲೆಯ ಬಲವೆಲ್ಲ ಗೋಡೆಯ ಮೇಲೆ ದೊರೆಯದು, ಒಪ್ಪೋಣ. ಅದರ ಹತ್ತನೆಯ ಒಂದು ಪಾಲು ದೊರೆತರೂ ಕಲ್ಲು ಕದಲಬಾರದು. ಆದರೂ ಕಲ್ಲು ಬೀಳುತ್ತದೆ. ಆದುದರಿಂದ ದೋಷವು ಅಂಟಿನ ಬಲದಲ್ಲಿಲ್ಲ, ಅದು ಕೂಡಿಕೆಯಲ್ಲಿದೆ ಎಂದು ಸಿದ್ಧವಾಯಿತು. ನಮ್ಮ ಕಲ್ಲಿನ ಬೆನ್ನಿಗೆ ಐದು ಮುದ್ದೆಗಳು ತಗುಲಿದ್ದ ಜಾಗ ನೂರಕ್ಕೆ ಏಳರಷ್ಟು ಮಾತ್ರ. ಆ ಏಳು ಭಾಗವಾದರೂ ಹಿಡಿದಿದ್ದುದು ಕಲ್ಲನ್ನಲ್ಲ, ಕಲ್ಲಿನ ಮೇಲಿನ ಹುಡಿಯನ್ನು. ಉಳಿದ ಪೊಳ್ಳಿನಲ್ಲಿ ನೀರು ನಿಂತು, ಬಿಸಿನೀರಿನ ಕಾವಿಗೂ ರಾತ್ರಿಯ ಚಳಿಗೂ ಕಲ್ಲು ದಿನದಿನವೂ ಹಿಗ್ಗಿ ಕುಗ್ಗಿ, ಇದ್ದ ಅಲ್ಪಸ್ವಲ್ಪ ಹಿಡಿತವೂ ಸಡಿಲಿತು.

ಸಂಧಿಯ ದೃಷ್ಟಾಂತ

ಗೌಂಡಿಗಳ ಮಾತಿನಲ್ಲಿ ‘ಸಂದು’ ಎಂಬ ಪದ ದಿನಕ್ಕೆ ನೂರು ಸಲ ಬರುತ್ತದೆ. ನಮ್ಮ ತರಗತಿಯ ‘ಸಂಧಿ’ ಎಂಬುದಕ್ಕೂ ಅದಕ್ಕೂ ನಂಟಿದೆ. ಪದಗಳು ಕೂಡುವಾಗ ಏನಾಗುತ್ತದೆಂಬುದನ್ನು ನೀವು ಬಲ್ಲಿರಿ. ಪೂರ್ವಪದದ ಕೊನೆ ಮತ್ತು ಉತ್ತರಪದದ ಮೊದಲು, ಇವೆರಡು ಸೇರುವ ಎಡೆಯಲ್ಲಿ ಮಾತ್ರ ಕಾರ್ಯ ನಡೆಯುತ್ತದೆ. ಕಲ್ಲಿನ ಬೆನ್ನು ಮತ್ತು ಗೋಡೆಯ ಮೈ ಸೇರುವ ಎಡೆಯಲ್ಲಿಯೂ ಅಷ್ಟೆ. ಅಲ್ಲಿಯೂ ಲೋಪ, ಆಗಮ, ಆದೇಶಗಳೆಂಬ ಮೂರು ಕಾರ್ಯಗಳುಂಟು. ನೆನಪಿನಲ್ಲಿ ನಿಲ್ಲಲೆಂದು ಈ ಹೆಸರುಗಳಿಂದಲೇ ಕೆಲಸವನ್ನು ವಿಂಗಡಿಸಿ ಹೇಳುತ್ತೇನೆ.

ಲೋಪ: ಬೇಡವಾದುದನ್ನು ಕಳೆಯುವುದು

ಬಚ್ಚಲು, ಅಲ್ಲಿ ಎಂಬುವು ಕೂಡಿ ‘ಬಚ್ಚಲಲ್ಲಿ’ ಎಂದಾಗುವಾಗ ನಡುವಣ ಉಕಾರವು ಲೋಪವಾಗುತ್ತದೆ. ಅದು ಹೋಗದೆ ಕೂಡಿಕೆ ಆಗದು. ಕಲ್ಲು ಗೋಡೆಗಳ ನಡುವೆಯೂ ಮೊದಲು ಹೋಗಬೇಕಾದುವು ಕೆಲವಿವೆ.

ಗೋಡೆಯ ಗಿಲಾವನ್ನು ಸಣ್ಣ ಸುತ್ತಿಗೆಯಿಂದ ಅಂಗುಲಂಗುಲವಾಗಿ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಗಿಲಾವು ಇಟ್ಟಿಗೆಯನ್ನು ಬಿಟ್ಟಿದೆಯೆಂದು ತಿಳಿದು ಅಷ್ಟನ್ನೂ ಕೆತ್ತಿ ತೆಗೆಯಬೇಕು. ಕಲ್ಲು ಗಿಲಾವನ್ನು ಹಿಡಿದು, ಗಿಲಾವು ಗೋಡೆಯನ್ನು ಹಿಡಿಯದಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. ಹಳೆಯ ಬಣ್ಣ, ಸುಣ್ಣ, ಎಣ್ಣೆಯ ಜಿಡ್ಡು, ಸಾಬೂನಿನ ಪದರ ಇವೆಲ್ಲವನ್ನೂ ಗಿಲಾವು ಕಾಣುವವರೆಗೆ ಕೆರೆದು ಕಳೆಯತಕ್ಕದ್ದು. ಬಣ್ಣದ ಮೇಲೆ ಹಚ್ಚಿದ ಕಲ್ಲನ್ನು ಹೊರುವುದು ಬಣ್ಣದ ತೆಳುಪೊರೆಯೇ ಹೊರತು ಗೋಡೆಯಲ್ಲ.

ಹೊಸ ಸಿಮೆಂಟ್ ಗಿಲಾವಾದರೆ ನೀರುಣಿಸಿದ ಮೇಲೆ ಎರಡು ವಾರಗಳಾದರೂ ಒಣಗಲು ಬಿಡಬೇಕು. ಒಣಗುತ್ತ ಅದು ಕುಗ್ಗುತ್ತದೆ. ಆ ಕುಗ್ಗುವಿಕೆ ಮುಗಿಯುವ ಮೊದಲೇ ಕಲ್ಲು ಹಚ್ಚಿದರೆ ಕೂಡಿಕೆಯ ಮೇಲೆ ಸೆಳೆತ ಬೀಳುತ್ತದೆ. ಬಳಿಕ 2 ಮೀಟರ್ ಉದ್ದದ ನೇರವಾದ ಪಟ್ಟಿಯನ್ನು ಗೋಡೆಗೆ ಆನಿಸಿ ನೋಡಬೇಕು. ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಮೊದಲು ಗಿಲಾವನ್ನೇ ಸಮಮಾಡಬೇಕು. ಗೋಡೆಯ ತಗ್ಗನ್ನು ಅಂಟಿನ ದಪ್ಪದಿಂದ ಮುಚ್ಚುವ ಆತುರದಿಂದಲೇ ಮುದ್ದೆ ಹಚ್ಚುವ ದುರಭ್ಯಾಸ ಹುಟ್ಟಿತು.

ಇನ್ನು ಕಲ್ಲಿನ ಬೆನ್ನು. ಗರಗಸದಿಂದ ಕೊಯ್ದ ಕಲ್ಲಿನ ಮೇಲೆ ಅದರದೇ ಹುಡಿ ಕೆಸರಾಗಿ ಒಣಗಿ ಕುಳಿತಿರುತ್ತದೆ. ಕಣ್ಣಿಗೆ ಅದು ಕಲ್ಲಿನಂತೆಯೇ ಕಾಣುವುದರಿಂದ ಬಹುಮಂದಿ ಮೋಸಹೋಗುತ್ತಾರೆ. ನೀರು ಹಾಕಿ, ಗಡುಸಾದ ಕುಂಚದಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಕೈಯಿಂದ ಸವರಿದಾಗ ಹುಡಿ ಹತ್ತದಿದ್ದರೆ ಮಾತ್ರ ಅದು ಸಿದ್ಧವಾಯಿತೆನ್ನಬೇಕು. ಕೆಲವು ಅಮೃತಶಿಲೆಯ ಹಲಗೆಗಳಿಗೆ ಒಡೆಯದಿರಲೆಂದು ಬೆನ್ನಿಗೆ ಬಲೆಯಿಟ್ಟು ರಾಳದ ಲೇಪ ಕೊಟ್ಟಿರುತ್ತಾರೆ. ಸಿಮೆಂಟಿನ ಅಂಟು ಆ ರಾಳವನ್ನು ಹಿಡಿಯದು. ಅಂತಹ ಕಲ್ಲಿಗೆ ಎಪಾಕ್ಸಿ ಅಂಟು ಬೇಕು.

ಆಗಮ: ಬೇಕಾದುದನ್ನು ತರುವುದು

ಗೋಡೆ, ಅನ್ನು ಎಂಬುವುಗಳ ನಡುವೆ ಯಕಾರವು ಬಂದು ‘ಗೋಡೆಯನ್ನು’ ಎಂದಾಗುತ್ತದೆ. ಇಲ್ಲಿ ಆಗಮವಾಗಿ ಬರತಕ್ಕವು ಎರಡು: ನೀರನ್ನು ತಡೆಯುವ ಲೇಪನ ಮತ್ತು ಅಂಟುಗಾರೆ.

ಕಲ್ಲು ಹಚ್ಚಿದ ಮೇಲೆ ಗೋಡೆಗೆ ನೀರು ತಾಗದೆಂಬುದು ಭ್ರಮೆ. ಸಂದುಗಳ ಮೂಲಕ ನೀರು ಒಳಗಿಳಿಯುತ್ತದೆ. ಆದುದರಿಂದ ನೀರು ಬೀಳುವ ಗೋಡೆಗಳಿಗೆ ತಲೆಯೆತ್ತರದವರೆಗಾದರೂ ಜಲನಿರೋಧಕ ಲೇಪನವನ್ನು ಎರಡು ಸಲ ಬಳಿಯಬೇಕು. ಮೊದಲನೆಯದಕ್ಕೆ ಎರಡನೆಯದು ಅಡ್ಡಲಾಗಿ ಬರಬೇಕು. ಅಂಟುಗಾರೆ ಹಿಡಿಯುವಂತಹ ಲೇಪನವನ್ನೇ ಆರಿಸಿಕೊಳ್ಳಬೇಕೆಂಬುದು ಮುಖ್ಯ.

ಗ್ರಾನೈಟ್ ಬಹಳ ಬಿಗಿಯಾದ ಕಲ್ಲು. ನೀರನ್ನು ಹೀರುವುದು ತೀರ ಕಡಿಮೆ. ಆದಕಾರಣ ಬರಿಯ ಸಿಮೆಂಟ್ ತಿಳಿಗೆ ಅದರಲ್ಲಿ ಬೇರು ಬಿಡಲು ಎಡೆಯಿಲ್ಲ. ಪಾಲಿಮರ್ ಬೆರೆತ ಅಂಟುಗಾರೆಯ ಪ್ರಯೋಜನ ಇಲ್ಲಿಯೇ. ಭಾರತೀಯ ಮಾನಕವಾದ ಐ.ಎಸ್. 15477 ಮೊದಲು 2004ರಲ್ಲಿ ಬಂದಿತು, 2019ರಲ್ಲಿ ಪರಿಷ್ಕೃತವಾಯಿತು. ಅದು ಅಂಟುಗಾರೆಗಳನ್ನು ಐದು ಬಗೆಯಾಗಿ ವಿಂಗಡಿಸಿದೆ. ಕೊಳ್ಳುವಾಗ ಚೀಲದ ಮೇಲೆ ಈ ಸಂಖ್ಯೆ ಇದೆಯೇ, ಆ ಬಗೆಯು ಭಾರವಾದ ಕಲ್ಲಿಗೆ ಸಲ್ಲುತ್ತದೆಯೇ ಎಂದು ಓದಿ ನೋಡಬೇಕು. ‘ಟಿ’ ಎಂಬ ಅಕ್ಷರವು ಕಲ್ಲು ಕೆಳಗೆ ಜಾರದಂತೆ ತಡೆಯುವ ಗುಣವನ್ನು ಸೂಚಿಸುತ್ತದೆ.

ಚೀಲದ ಮೇಲೆ ಹೇಳಿದಷ್ಟೇ ನೀರಿಗೆ ಪುಡಿಯನ್ನು ಹಾಕಿ ಗಂಟಿಲ್ಲದಂತೆ ಕಲಸಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಬಿಗಿಯಾಗುತ್ತ ಬಂದ ಅಂಟಿಗೆ ಮತ್ತೆ ನೀರು ಸೇರಿಸುವುದು ಮಹಾದೋಷ. ಕರಣೆಯ ಚಪ್ಪಟೆ ಬದಿಯಿಂದ ಗೋಡೆಗೆ ಮೊದಲು ತೆಳುವಾಗಿ ಒತ್ತಿ ಬಳಿದು, ಅದರ ಮೇಲೆ ಇನ್ನಷ್ಟು ಅಂಟನ್ನು ಹಾಕಿ, 10 ಅಥವಾ 12 ಮಿ.ಮೀ. ಹಲ್ಲುಗಳುಳ್ಳ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಉತ್ತ ಹೊಲದ ಸಾಲುಗಳಂತೆ ಅವು ನೇರವಾಗಿರಲಿ. ಸುತ್ತಿ ಸುತ್ತಿ ಗೆರೆ ಎಳೆದರೆ ಗಾಳಿಯು ಹೊರಹೋಗಲಾರದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಕಲ್ಲಿನ ಬೆನ್ನಿಗೂ ತೆಳುವಾಗಿ ಅಂಟನ್ನು ತಿಕ್ಕಿ ಬಳಿಯಬೇಕು. ಆಮೇಲೆ ಕಲ್ಲನ್ನು ಗೋಡೆಗೆ ಒತ್ತಿ, ಗೆರೆಗಳಿಗೆ ಅಡ್ಡಲಾಗಿ ತುಸು ಹಿಂದೆ ಮುಂದೆ ಸರಿಸಿ, ರಬ್ಬರಿನ ಸುತ್ತಿಗೆಯಿಂದ ತಟ್ಟಿ ಕೂಡಿಸಬೇಕು. ಗೆರೆಗಳು ಮುರಿದು ಒಂದರೊಳಗೊಂದು ಬೆರೆತಾಗ ಪೊಳ್ಳು ಉಳಿಯುವುದಿಲ್ಲ.

ಗೋಡೆಗೆ ಬಳಿದ ಅಂಟು ಸುಮಾರು 20 ನಿಮಿಷ ಮಾತ್ರ ತೆರೆದಿರಬಹುದು. ನಮ್ಮ ಬೇಸಗೆಯ ಗಾಳಿಯಲ್ಲಿ ಅದೂ ಹೆಚ್ಚಾದೀತು. ಬೆರಳಿನಿಂದ ಮುಟ್ಟಿದಾಗ ಅಂಟು ಬೆರಳಿಗೆ ಹತ್ತದಿದ್ದರೆ ಮೇಲೆ ಪೊರೆ ಕಟ್ಟಿತೆಂದು ತಿಳಿದು ಅದನ್ನು ಕೆರೆದೊಗೆಯಬೇಕು.

ಪರೀಕ್ಷೆಯಿಲ್ಲದೆ ಪಾಠವಿಲ್ಲ. ಹಚ್ಚಿದ ಮೊದಲ ಕಲ್ಲನ್ನು ಕೂಡಲೆ ಕಿತ್ತು ಬೆನ್ನನ್ನು ನೋಡಬೇಕು. ನೀರಿನ ಎಡೆಯಲ್ಲಿ ಬೆನ್ನಿನ ನೂರಕ್ಕೆ 95 ಭಾಗವಾದರೂ ಅಂಟು ತುಂಬಿರಬೇಕೆಂಬುದು ಈ ವಿದ್ಯೆಯ ಬಲ್ಲವರ ನಿಯಮ. ಮೂಲೆಗಳು ಬರಿದಾಗಿರಬಾರದು. ಕಡಿಮೆಯಾಗಿದ್ದರೆ ಹಲ್ಲು ದೊಡ್ಡದಿರುವ ಕರಣೆಯನ್ನು ಹಿಡಿಯಬೇಕು. ಹತ್ತು ಹನ್ನೆರಡು ಕಲ್ಲಿಗೊಮ್ಮೆ ಹೀಗೆ ಕಿತ್ತು ನೋಡುತ್ತಿರಬೇಕು. ಇದರಿಂದ ವ್ಯರ್ಥವಾಗುವುದು ಒಂದು ಕರಣೆಯಷ್ಟು ಅಂಟು. ಉಳಿಯುವುದು ಒಂದು ಜೀವವಿರಬಹುದು.

ಆದೇಶ: ಒಂದರ ಸ್ಥಾನದಲ್ಲಿ ಮತ್ತೊಂದು

‘ಮಳೆಗಾಲ’ ಎಂಬಲ್ಲಿ ಕಕಾರವು ಹೋಗಿ ಗಕಾರವು ಬಂದಿದೆ. ಹಾಗೆಯೇ ಇಲ್ಲಿಯೂ ಕೆಲವನ್ನು ತೆಗೆದು ಬೇರೆಯದನ್ನು ಇಡಬೇಕಾಗುತ್ತದೆ.

ಈಗ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಒಳಗೋಡೆಗೆ ಜಿಪ್ಸಂ ಗಿಲಾವು ಬಳಿಯುವ ಪದ್ಧತಿ ಬಂದಿದೆ. ಅದು ನಯವಾಗಿದ್ದರೂ ಭಾರ ಹೊರುವ ಶಕ್ತಿ ಕಡಿಮೆ. ಬ್ರಿಟನ್ನಿನ ರೂಢಿಯಲ್ಲಿ ಜಿಪ್ಸಂ ಗಿಲಾವಿನ ಮೇಲೆ ಅಂಟೂ ಸೇರಿದಂತೆ ಚದರ ಮೀಟರಿಗೆ 20 ಕಿ.ಗ್ರಾಂ.ಗಿಂತ ಹೆಚ್ಚು ಭಾರ ಹೊರಿಸಬಾರದೆಂದಿದೆ. 10 ಮಿ.ಮೀ. ಕಲ್ಲೇ 27 ಕಿ.ಗ್ರಾಂ. ಇರುವಾಗ ಇದು ಸಲ್ಲದು. ಅದಲ್ಲದೆ ತೇವ ಸೇರಿದಾಗ ಜಿಪ್ಸಮ್ಮಿನ ಸಲ್ಫೇಟು ಅಂಟಿನಲ್ಲಿರುವ ಸಿಮೆಂಟಿನೊಡನೆ ಕೂಡಿ ಎಟ್ರಿಂಗೈಟ್ ಎಂಬ ಹರಳುಗಳಾಗಿ ಬೆಳೆದು ಕಲ್ಲನ್ನು ಒಳಗಿನಿಂದ ದೂಡುತ್ತದೆ. ಆದ್ದರಿಂದ ಸ್ನಾನಗೃಹದಲ್ಲಿ ಜಿಪ್ಸಮ್ಮಿಗೆ ಸಿಮೆಂಟ್ ಗಿಲಾವು ಅಥವಾ ಸಿಮೆಂಟ್ ಹಲಗೆ ಆದೇಶವಾಗಿ ಬರಬೇಕು.

ಬಿಳಿಯ ಅಮೃತಶಿಲೆಗೆ ಬೂದುಬಣ್ಣದ ಅಂಟಿನ ಬದಲು ಬಿಳಿಯ ಅಂಟು ಬೇಕು. ಇಲ್ಲವಾದರೆ ಕಪ್ಪು ನೆರಳು ಹೊರಗೆ ಕಾಣುತ್ತದೆ. ರಾಜಸ್ಥಾನದ ಹಸಿರು ಶಿಲೆಯು ನೀರಿನ ತೇವಕ್ಕೆ ಬಾಗುವುದರಿಂದ ಅದಕ್ಕೆ ಎಪಾಕ್ಸಿ ಅಂಟೇ ಯೋಗ್ಯ. ಕಲ್ಲು ಬಹಳ ದೊಡ್ಡದಾಗಿದ್ದರೆ, ಅಥವಾ ಗೋಡೆ 3 ಮೀಟರಿಗಿಂತ ಎತ್ತರವಾಗಿದ್ದರೆ ಅಂಟೊಂದನ್ನೇ ನೆಚ್ಚದೆ, ಕಲ್ಲಿನ ಅಂಚಿನಲ್ಲಿ ತೂತು ಕೊರೆದು ಗೋಡೆಯ ಇಟ್ಟಿಗೆಗೆ ಬಿಗಿದ ಹಿಡಿಕೆಗಳಿಂದಲೂ ಹಿಡಿಸಬೇಕು. ಆ ಹಿಡಿಕೆಗಳು ಕಬ್ಬಿಣದವಾಗಿರಕೂಡದು. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಲ್ಲನ್ನೇ ಸೀಳುತ್ತದೆ. ಅದರ ಸ್ಥಾನದಲ್ಲಿ ಸ್ಟೇನ್‌ಲೆಸ್ ಉಕ್ಕು ಇರಲಿ.

ಕೂಡಿಸುವ ಕ್ರಮ

ನೆಲಕ್ಕೆ ತಾಗಿದ ಸಾಲನ್ನು ಮೊದಲು ಹಚ್ಚುವುದು ಸರಿಯಲ್ಲ. ನೆಲದ ಓರೆಯೆಲ್ಲ ಗೋಡೆಗೆ ಏರುತ್ತದೆ. ರಸಮಟ್ಟ ಹಿಡಿದು ಎರಡನೆಯ ಸಾಲಿನ ಅಡಿಗೆ ನೇರವಾದ ಪಟ್ಟಿಯೊಂದನ್ನು ಗೋಡೆಗೆ ಭದ್ರವಾಗಿ ಬಿಗಿದು, ಅದರ ಮೇಲೆ ಕಲ್ಲುಗಳನ್ನು ಕೂರಿಸುತ್ತ ಮೇಲಕ್ಕೆ ಹೋಗಬೇಕು. ಅಂಟು ಬಿಗಿಯುವವರೆಗೆ ಭಾರವನ್ನು ಆ ಪಟ್ಟಿಯೇ ಹೊರುತ್ತದೆ. ಕಲ್ಲು ಕಲ್ಲುಗಳ ನಡುವೆ 2 ಅಥವಾ 3 ಮಿ.ಮೀ. ಸಂದು ಉಳಿಯುವಂತೆ ಬೆಣೆಗಳನ್ನಿಟ್ಟು, ಸಾಲುಸಾಲಿಗೂ ತೂಗುಗುಂಡು ಬಿಟ್ಟು ನೋಡಬೇಕು. ಒಂದೇ ದಿನ ಸೂರಿನವರೆಗೆ ಏರುವ ಆತುರ ಬೇಡ; ಕೆಳಗಿನ ಸಾಲುಗಳು ಬಿಗಿದ ಮೇಲೆ ಮೇಲಿನವು. ಪಟ್ಟಿಯನ್ನು ಮರುದಿನ ತೆಗೆದು, ನೆಲದ ಸಾಲಿನ ಕಲ್ಲುಗಳನ್ನು ಅಳತೆಗೆ ಕೊಯ್ದು ಹಚ್ಚಬೇಕು. ಕನಿಷ್ಠ 24 ಗಂಟೆ ಕಳೆದ ಮೇಲೆ ಸಂದುಗಳಿಗೆ ಗ್ರೌಟು ತುಂಬಬೇಕು.

ಗ್ರೌಟಿನ ಕಲೆ ತೆಗೆಯಲು ಆಮ್ಲ ಸುರಿಯುವವರುಂಟು. ಅಮೃತಶಿಲೆ, ಶಹಾಬಾದ್ ಕಲ್ಲು, ಕಡಪ ಕಲ್ಲು ಇವೆಲ್ಲ ಸುಣ್ಣದ ಅಂಶದವು. ಆಮ್ಲವು ಅವುಗಳ ಮೈಯನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಿಂದ ಆಗಿಂದಾಗ್ಗೆ ಒರಸಿದರೆ ಆಮ್ಲದ ಅಗತ್ಯವೇ ಬರುವುದಿಲ್ಲ.

ಪ್ರಕೃತಿಭಾವ: ಕೂಡಿಸಬಾರದ ಎಡೆ

‘ಅಯ್ಯೋ ಇದೇನು’ ಎಂಬಲ್ಲಿ ಸ್ವರಗಳು ಎದುರಾದರೂ ಸಂಧಿ ಮಾಡುವುದಿಲ್ಲ; ಇದ್ದ ಹಾಗೆ ಬಿಡುತ್ತೇವೆ. ಗೋಡೆಯಲ್ಲಿಯೂ ಅಂತಹ ಎಡೆಗಳಿವೆ. ಎರಡು ಗೋಡೆ ಸೇರುವ ಮೂಲೆ, ಗೋಡೆಯೂ ನೆಲವೂ ಸೇರುವ ಅಂಚು, ಕಾಂಕ್ರೀಟ್ ಕಂಬವೂ ಇಟ್ಟಿಗೆಯೂ ಸೇರುವ ಗೆರೆ, ಇವುಗಳಲ್ಲಿ ಗಡುಸಾದ ಗ್ರೌಟನ್ನು ತುಂಬಬಾರದು. 3 ಮೀಟರ್ ಉದ್ದದ ಗ್ರಾನೈಟ್ ಸಾಲು 20 ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಆ ಅರ್ಧ ಮಿಲಿಮೀಟರಿಗೆ ಎಡೆ ಕೊಡದಿದ್ದರೆ ಕಲ್ಲುಗಳು ಒಂದನ್ನೊಂದು ಒತ್ತಿ ಗೋಡೆಯನ್ನು ಬಿಟ್ಟು ಮುಂದಕ್ಕೆ ಉಬ್ಬುತ್ತವೆ. ಅಲ್ಲಿ ಮೆತ್ತನೆಯ ಸಿಲಿಕೋನ್ ತುಂಬಬೇಕು. ಹುಳಿಯ ವಾಸನೆ ಬರುವ ಸಿಲಿಕೋನ್ ಸುಣ್ಣದ ಕಲ್ಲಿಗೆ ಆಗದು. ಆಮ್ಲವಿಲ್ಲದ ಬಗೆಯನ್ನೇ ಕೇಳಿ ತರಬೇಕು.

ಉಪಸಂಹಾರ

ನಮ್ಮ ಬಚ್ಚಲಿನ ಉಳಿದ ಕಲ್ಲುಗಳನ್ನು ಆ ವೃದ್ಧ ಗೌಂಡಿ ಒಂದೊಂದಾಗಿ ತಟ್ಟಿ ನೋಡಿದರು. ಬಹುತೇಕ ಎಲ್ಲವೂ ಟೊಳ್ಳು ಸದ್ದು ಕೊಟ್ಟವು. ಎಲ್ಲವನ್ನೂ ಇಳಿಸಿದೆವು. ಅವರು ಕಲ್ಲು ತೊಳೆದು ಒಣಗಿಸಲು, ಗೋಡೆ ಕೆತ್ತಿ ಗಿಲಾವು ಮಾಡಿ ಕಾಯಲು ತಿಂಗಳಿಗೆ ಹತ್ತಿರ ತೆಗೆದುಕೊಂಡರು. ಕಲ್ಲು ಹಚ್ಚಲು ಮೂರೇ ದಿನ. ಮೊದಲಿನವರು ತಂಡವಾಗಿ ಬಂದು ಎಲ್ಲವನ್ನೂ ನಾಲ್ಕು ದಿನಗಳಲ್ಲಿ ಮುಗಿಸಿದ್ದರು. ಅವರನ್ನು ಅವಸರಪಡಿಸಿದವನು ನಾನೇ ಎಂಬುದನ್ನು ಇಲ್ಲಿ ಮರೆಮಾಚುವುದು ನ್ಯಾಯವಲ್ಲ. ಮನೆಗೆ ನೆಂಟರು ಬರುವರೆಂದು ದಿನವೂ ಹೋಗಿ “ಇನ್ನೆಷ್ಟು ಹೊತ್ತು?” ಎಂದು ಕೇಳುತ್ತಿದ್ದೆ. ಕಲ್ಲಿನ ಮುಖ ಹೊಳೆಯುತ್ತಿದೆಯೇ ಎಂದು ನೋಡಿದೆನೇ ಹೊರತು ಅದರ ಬೆನ್ನನ್ನು ಒಮ್ಮೆಯೂ ನೋಡಲಿಲ್ಲ.

ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರುಗಳಾಗುವಿರಿ, ಕೆಲವರು ಗಾರೆಯ ಕೆಲಸವನ್ನೇ ಕೈಕೊಳ್ಳುವಿರಿ, ಮನೆ ಕಟ್ಟಿಸುವವರಂತೂ ಬಹುಮಂದಿ ಆಗುವಿರಿ. ಅದಕ್ಕೆಲ್ಲ ಕಾಯದೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ಮನೆಗೆ ಹೋದಮೇಲೆ ಸ್ನಾನಗೃಹದ ಗೋಡೆಯ ಕಲ್ಲುಗಳನ್ನು ನಾಣ್ಯದಿಂದ ಮೆಲ್ಲನೆ ತಟ್ಟಿ ನೋಡಿ. ತುಂಬಿದ ಕಡೆ ಸದ್ದು ಗಟ್ಟಿಯಾಗಿ ಬರುತ್ತದೆ, ಪೊಳ್ಳಿದ್ದ ಕಡೆ ಖಾಲಿ ಕೊಡದಂತೆ ಬರುತ್ತದೆ. ಸದ್ದು ಟೊಳ್ಳಾಗಿದ್ದರೆ, ಸಂದುಗಳು ಬಿರಿದಿದ್ದರೆ, ಒಂದು ಕಲ್ಲು ಪಕ್ಕದ ಕಲ್ಲಿಗಿಂತ ಕೂದಲೆಳೆಯಷ್ಟಾದರೂ ಮುಂದೆ ಬಂದಿದ್ದರೆ ಹಿರಿಯರಿಗೆ ತಿಳಿಸಿ. ಅನುಭವಿಯಾದ ಗೌಂಡಿಯನ್ನು ಕರೆಸಿ ಅದನ್ನು ಇಳಿಸುವವರೆಗೆ ಮಕ್ಕಳನ್ನು ಆ ಗೋಡೆಯ ಬುಡದಲ್ಲಿ ಕೂರಿಸಬೇಡಿ.

ಎರಡು ಹೋಳಾದ ಆ ಮಣೆ ಇನ್ನೂ ನಮ್ಮ ಅಟ್ಟದ ಮೇಲಿದೆ. ಮಗು ಈಗ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ.